ಅಡುಗೆಮನೆ ಸಾಮಾನಿನ ಕೆಮಿಸ್ಟ್ರಿ: ಪುಸ್ತಕದಲ್ಲಿ ಬರೋದು ಕ್ಲಾಸಲ್ಲಿ ಯಾಕೆ ಬರ್ತಿಲ್ಲ?

ಭರಮಸಾಗರ ಟೀಚರ್ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. 9 ಮತ್ತು 10ನೇ ತರಗತಿಗೆ ಆಮ್ಲ, ಪ್ರತ್ಯಾಮ್ಲ, ಲವಣದ ಪಾಠ. ಪ್ರತ್ಯೇಕ ಲ್ಯಾಬ್ ಇಲ್ಲ. ಕಿರಾಣಿ ಅಂಗಡಿ, ಮೆಡಿಕಲ್ ಶಾಪ್‌ನಲ್ಲಿ ಸಿಗುವ ವಸ್ತುಗಳಷ್ಟರಲ್ಲೇ ಮುಗಿಸಬೇಕು. ಒಂದು ಸೆಕ್ಷನ್‌ಗೆ 38 ಮಕ್ಕಳು. ಮೂರು ಕಡೆ ಸಿಕ್ಕಿಹಾಕಿಕೊಂಡಿದೆ:

1. ಅರಿಶಿನದ ಕಾಗದ ಅಡುಗೆ ಸೋಡಾ ದ್ರಾವಣದಲ್ಲಿ ಕೆಂಪಾಗಬೇಕು ಅಂತ ಹೇಳಿಕೊಡ್ತೀವಿ. ಬರೋದು ಮಾಸಲು ಕಿತ್ತಳೆ. ಎಷ್ಟು ಸೋಡಾ ಸುರಿದರೂ ಅಷ್ಟೇ.

2. ಸುಣ್ಣದ ತಿಳಿನೀರಿಗೆ ಉಸಿರು ಊದಿದರೆ ಹಾಲಿನಂತಾಗಬೇಕು. ಕೆಲವು ಗುಂಪಿನದು ಊದುವ ಮೊದಲೇ ಬೆಳ್ಳಗಾಗಿದೆ, ಇನ್ನು ಕೆಲವರದು ಎಷ್ಟು ಊದಿದರೂ ಹಾಗೇ ಇದೆ.

3. ಸೀಮೆಸುಣ್ಣದ ತುಂಡನ್ನು ವಿನೆಗರ್‌ಗೆ ಹಾಕಿದರೆ ಗುಳ್ಳೆಯೇ ಇಲ್ಲ.

ಇವಕ್ಕೆ ಕಾರಣ ಬೇಕು. ಜೊತೆಗೆ ಮಕ್ಕಳ ಕೈಗೇ ಕೊಡಬಹುದಾದ ಇನ್ನೂ ಎರಡು ಮೂರು ಪ್ರಯೋಗ, ಅಳತೆ ಸಮೇತ. ಬೀಟ್‌ರೂಟ್ ರಸವನ್ನು ಸೂಚಕವಾಗಿ ಬಳಸಬಹುದಾ ಅನ್ನೋದನ್ನೂ ಹೇಳಿ.

---

ಪಿಯು ಕೆಮಿಸ್ಟ್ರಿ, ದಾವಣಗೆರೆ

ಮೇಡಂ, ಮೊದಲನೆಯದರಲ್ಲಿ ನಿಮ್ಮ ಕೈತಪ್ಪು ಏನೂ ಇಲ್ಲ. ಅರಿಶಿನದ ಬಣ್ಣ ಕುರ್ಕ್ಯುಮಿನ್‌ದು. ಅದು ಹಳದಿಯಿಂದ ಕೆಂಪಿಗೆ ತಿರುಗಲು ಶುರುವಾಗೋದೇ ಪಿಎಚ್ (ಆಮ್ಲ-ಪ್ರತ್ಯಾಮ್ಲ ಅಳೆಯುವ ಅಂಕಿ) 7.4ರ ಆಚೆ, ಪೂರ್ತಿ ತಿರುಗೋದು 8.6 ದಾಟಿದ ಮೇಲೆ. ಅಡುಗೆ ಸೋಡಾ ದ್ರಾವಣದ ಪಿಎಚ್ 8.3ರ ಆಸುಪಾಸು. ಇನ್ನಷ್ಟು ಸೋಡಾ ಕರಗಿಸಿದರೂ ಅದು ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ. ಹಾಗಾಗಿ ನಿಮ್ಮ ಕಾಗದ ಬಾಗಿಲ ಹೊಸ್ತಿಲ ಮೇಲೇ ನಿಂತಿದೆ, ಒಳಗೂ ಇಲ್ಲ, ಹೊರಗೂ ಇಲ್ಲ. ಬಟ್ಟೆ ಸೋಡಾ (ಪಿಎಚ್ 11ರ ಸುಮಾರು) ಅಥವಾ ಎಲೆಗೆ ಹಚ್ಚುವ ಸುಣ್ಣದ ನೀರು (12ಕ್ಕೂ ಮೇಲೆ) ತಾಗಿಸಿ ನೋಡಿ, ಕುಂಕುಮದ ಕೆಂಪು ಬರುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದೂ ಇದೇ ಕ್ರಿಯೆ. ಅದರ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ.

ಈ ಸೋಲನ್ನೇ ಪ್ರಯೋಗ ಮಾಡಿಕೊಳ್ಳಿ. 50 ಗ್ರಾಂ ಅಡುಗೆ ಸೋಡಾ ತೂಗಿ, ಒಣಗಿದ ಕಬ್ಬಿಣದ ತವಾ ಅಥವಾ ಸ್ಟೀಲ್ ಬಾಣಲೆಯಲ್ಲಿ ಸಣ್ಣ ಉರಿಗೆ ಇಟ್ಟು ಮರದ ಸೌಟಿನಲ್ಲಿ ಕೈಯಾಡಿಸಿ. ಸ್ವಲ್ಪ ಹೊತ್ತಿಗೆ ಪುಡಿ ನೀರಿನಂತೆ ಅಲುಗಾಡಿ 'ಕುದಿಯಲು' ಶುರುಮಾಡುತ್ತದೆ. ಒಳಗಿಂದ ಕಾರ್ಬನ್ ಡೈಆಕ್ಸೈಡ್ ಮತ್ತು ಹಬೆ ಹೊರಡುತ್ತಿರುವ ಗುರುತು ಅದು. ತಣ್ಣನೆಯ ಸ್ಟೀಲ್ ತಟ್ಟೆಯನ್ನು ಮೇಲೆ ಹಿಡಿದರೆ ನೀರಿನ ಹನಿ ಕೂರುತ್ತದೆ, ಮಕ್ಕಳಿಗೆ ತೋರಿಸಿ. ಅಲುಗಾಟ ನಿಂತ ಮೇಲೂ ಐದಾರು ನಿಮಿಷ ಹುರಿದು, ಆರಿಸಿ ತೂಗಿ. ಪೂರ್ತಿ ಆಗಿದ್ದರೆ 31.5 ಗ್ರಾಂ ಉಳಿಯಬೇಕು. 168 ಭಾಗ ಬೈಕಾರ್ಬನೇಟ್‌ನಿಂದ (ಅಡುಗೆ ಸೋಡಾ) 106 ಭಾಗ ಕಾರ್ಬನೇಟ್ (ಬಟ್ಟೆ ಸೋಡಾ), ಉಳಿದ 62 ಭಾಗ ಗಾಳಿಗೆ. 36ಕ್ಕೋ 38ಕ್ಕೋ ನಿಂತರೆ ಇನ್ನೂ ಹುರಿಯಬೇಕು ಅಂತ ಅರ್ಥ. ಈಗ ಅದರ ಒಂದು ಚಮಚವನ್ನು 100 ಮಿ.ಲೀ. ನೀರಿಗೆ ಹಾಕಿ ಅದೇ ಅರಿಶಿನದ ಕಾಗದ ಅದ್ದಿ. ಒಂದೇ ಪೊಟ್ಟಣದ ಸೋಡಾ, ಹುರಿಯುವ ಮೊದಲು ಕಿತ್ತಳೆ, ಹುರಿದ ಮೇಲೆ ಕಡುಗೆಂಪು. ವಿಭಜನೆ ಕ್ರಿಯೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಅಡುಗೆಮನೆಯಲ್ಲಿ ಸಿಗಲ್ಲ.

ಒಲೆ ಕೆಲಸ ಶಿಕ್ಷಕರದ್ದೇ. ಅಲ್ಯೂಮಿನಿಯಂ ಪಾತ್ರೆ ಬೇಡ, ಬಟ್ಟೆ ಸೋಡಾ ಅದನ್ನು ತಿನ್ನುತ್ತದೆ. ಹುರಿದದ್ದು ಈಗ ಅಡುಗೆ ಸೋಡಾ ಅಲ್ಲ, ಚರ್ಮಕ್ಕೂ ಕಣ್ಣಿಗೂ ಉರಿ. ಬೇರೆ ಡಬ್ಬಿಗೆ ಹಾಕಿ, ಹೆಸರು ಬರೆದಿಡಿ.

ಕಾಗದದ ಬಗ್ಗೆ ಒಂದು ಮಾತು. ಅರಿಶಿನ ನೀರಿನಲ್ಲಿ ಸರಿಯಾಗಿ ಕರಗದು. ಒಂದು ಚಮಚ ಪುಡಿಯನ್ನು 30 ಮಿ.ಲೀ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಹತ್ತು ನಿಮಿಷ ನೆನೆಸಿ, ಮೇಲಿನ ತಿಳಿಗೆ ಕಾಗದ ಅದ್ದಿ ನೆರಳಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಣ್ಣ ಹಾರಿಹೋಗುತ್ತದೆ. ಸ್ಪಿರಿಟ್ ಇರುವ ಕೋಣೆಯಲ್ಲಿ ಒಲೆ ಹಚ್ಚಬೇಡಿ, ಕಾಗದವನ್ನು ಹಿಂದಿನ ದಿನವೇ ಮಾಡಿಟ್ಟುಕೊಳ್ಳಿ.

ಬೀಟ್‌ರೂಟ್ ಬಿಟ್ಟುಬಿಡಿ. ಅದರ ಕೆಂಪು ಬೆಟಾಲೈನ್ ಅನ್ನುವ ಬಣ್ಣ, ದಾಸವಾಳದ್ದು ಆಂಥೋಸಯನಿನ್ ಅನ್ನುವ ಬೇರೆ ಬಣ್ಣ. ಬೀಟ್‌ರೂಟ್ ರಸ ಪ್ರಬಲ ಪ್ರತ್ಯಾಮ್ಲದಲ್ಲಿ ಮಾತ್ರ ಹಳದಿಯಾಗುತ್ತದೆ. ನಿಂಬೆಯಿಂದ ಅಡುಗೆ ಸೋಡಾದವರೆಗೆ ಒಂದೇ ಕೆಂಪು.

---

ಬೋರ್ ನೀರು

ಎರಡನೇ ಪ್ರಶ್ನೆಯ ಕಳ್ಳ ನಿಮ್ಮ ನಲ್ಲಿಯಲ್ಲಿದ್ದಾನೆ. ಚಿತ್ರದುರ್ಗದ ಕಡೆ ಬೋರ್‌ವೆಲ್ ನೀರು ಗಡಸು ಅಂತ ಬೇರೆ ಹೇಳಬೇಕಿಲ್ಲ, ನೀರು ಕಾಯಿಸುವ ಹಂಡೆಯ ಒಳಗೆ ಕಟ್ಟುವ ಬಿಳಿ ಚಕ್ಕೆಯೇ ಸಾಕ್ಷಿ. ಆ ನೀರಿನಲ್ಲಿ ಕ್ಯಾಲ್ಸಿಯಂ ಬೈಕಾರ್ಬನೇಟ್ ಕರಗಿರುತ್ತದೆ. ಅದಕ್ಕೆ ಸುಣ್ಣದ ನೀರು ಸೇರಿದ ಕೂಡಲೇ ಎರಡೂ ಸೇರಿ ಕ್ಯಾಲ್ಸಿಯಂ ಕಾರ್ಬನೇಟ್ ಆಗಿ ಬೆಳ್ಳಗೆ ಒಡೆಯುತ್ತದೆ. ಉಸಿರು ಬೇಕೇ ಇಲ್ಲ. ಮೊದಲೇ ಬೆಳ್ಳಗಾದ ಗುಂಪಿನವರು ತಿಳಿನೀರಿಗೆ ನಲ್ಲಿ ನೀರು ಬೆರೆಸಿರಬೇಕು, ಇಲ್ಲವೇ ಒದ್ದೆ ಲೋಟ ಬಳಸಿರಬೇಕು.

ಏನೂ ಆಗದ ಗುಂಪಿನ ಸುಣ್ಣ ಸತ್ತಿದೆ. ಡಬ್ಬಿ ಮುಚ್ಚಳ ಸಡಿಲವಿದ್ದು ತಿಂಗಳುಗಟ್ಟಲೆ ಇದ್ದರೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಹೀರಿ ಸುಣ್ಣವೇ ಕಾರ್ಬನೇಟ್ ಆಗಿಬಿಟ್ಟಿರುತ್ತದೆ. ನೋಡಲು ಅದೇ ಬಿಳಿ, ನೀರಿಗೆ ಕರಗದು.

ಮಾಡುವ ಕ್ರಮ: ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿಯುವ ನೀರು ಒಂದು ಲೀಟರ್. ಮಳೆನೀರಾದರೂ ಸರಿ. ಎಲೆಗೆ ಹಚ್ಚುವ ಸುಣ್ಣ ಒಂದು ಚಮಚ. ಪ್ಲಾಸ್ಟಿಕ್ ಬಾಟಲಿಯಲ್ಲಿ ಕುತ್ತಿಗೆವರೆಗೆ ತುಂಬಿಸಿ, ಮುಚ್ಚಿ, ಕುಲುಕಿ, ರಾತ್ರಿಯಿಡೀ ಅಲುಗಾಡಿಸದೆ ಬಿಡಿ. ಒಂದು ಲೀಟರಿಗೆ ಕರಗುವುದು ಒಂದೂವರೆ ಗ್ರಾಂ ಚಿಲ್ಲರೆ ಮಾತ್ರ. ಎರಡು ಮುಷ್ಟಿ ಹಾಕಿದರೂ ಹೆಚ್ಚು ಕರಗಲ್ಲ, ಬಿಸಿ ಮಾಡಿದರೆ ಇನ್ನೂ ಕಡಿಮೆ. ಬೆಳಿಗ್ಗೆ ಮೇಲಿನ ತಿಳಿಯನ್ನು ನಿಧಾನವಾಗಿ ಬಗ್ಗಿಸಿಕೊಳ್ಳಿ. ಮೇಲೆ ತೆಳ್ಳನೆ ಕೆನೆ ಕಂಡರೆ ಅದು ಕಾರ್ಬನೇಟ್, ತೆಗೆದುಹಾಕಿ.

ಕ್ಲಾಸಿಗೆ ಹೋಗುವ ಮೊದಲು ಎರಡು ಪರೀಕ್ಷೆ. ಒಂದು ಹನಿ ಅರಿಶಿನದ ಕಾಗದಕ್ಕೆ: ಕೆಂಪಾದರೆ ಸುಣ್ಣ ಜೀವಂತ. ಒಂದು ಚಮಚ ತಿಳಿಯನ್ನು ಒಣ ಲೋಟದಲ್ಲಿ ಎರಡು ನಿಮಿಷ ಇಟ್ಟು ನೋಡಿ: ತಿಳಿಯಾಗೇ ಇದ್ದರೆ ತಗೊಂಡು ಹೋಗಿ.

ಪ್ರತಿ ಗುಂಪಿಗೆ 20 ಮಿ.ಲೀ. ಸಾಕು. ಹೆಚ್ಚು ಕೊಟ್ಟರೆ ಊದಿ ಸುಸ್ತಾಗುತ್ತಾರೆ. ಸ್ಟ್ರಾ ತುದಿ ತಳ ಮುಟ್ಟುವಂತಿದ್ದರೆ ಒಂದು ನಿಮಿಷದೊಳಗೆ ಬೆಳ್ಳಗಾಗುತ್ತದೆ. ಬಿಡದೆ ಊದುತ್ತಾ ಹೋದರೆ ಬಿಳಿಯಲ್ಲಿ ಸ್ವಲ್ಪ ಮತ್ತೆ ಕರಗುತ್ತದೆ, ಪೂರ್ತಿ ತಿಳಿಯಾಗಲು ಉಸಿರು ಸಾಲದು. ಅಲ್ಲಿ ಉಂಟಾಗುವುದು ನಿಮ್ಮ ಬೋರ್‌ವೆಲ್‌ನಲ್ಲಿರುವ ಅದೇ ಬೈಕಾರ್ಬನೇಟ್. ಆ ನೀರನ್ನು ಸೋಸಿ ಕಾಯಿಸಿದರೆ ಹಂಡೆಯ ಚಕ್ಕೆ ಮತ್ತೆ ಹುಟ್ಟುತ್ತದೆ. ಇಷ್ಟನ್ನು ತೋರಿಸಿದರೆ ತಾತ್ಕಾಲಿಕ ಗಡಸುತನ ಅಂದರೇನು ಅಂತ ಬೋರ್ಡಿನ ಮೇಲೆ ಬರೆಯುವುದೇ ಬೇಡ.

ಸ್ಟ್ರಾದ ಮೇಲಿನ ಭಾಗದಲ್ಲಿ, ಬಾಯಿಂದ ಎರಡು ಇಂಚು ಕೆಳಗೆ, ಗುಂಡುಸೂಜಿಯಿಂದ ಒಂದೆರಡು ತೂತು ಮಾಡಿ. ಮರೆತು ಒಳಗೆಳೆದರೆ ಗಾಳಿ ಬರುತ್ತದೆ, ಸುಣ್ಣದ ನೀರು ಬಾಯಿಗೆ ಬರಲ್ಲ.

---

ಹಳೇಪೇಟೆ

ಇಷ್ಟೆಲ್ಲ ಯಾಕೆ, ಸುಣ್ಣದ ಕಲ್ಲನ್ನೇ ತಂದು ಬಕೆಟ್‌ನಲ್ಲಿ ನೀರು ಹಾಕಿ ತೋರಿಸಿದರೆ ಉಷ್ಣ ಬಿಡುಗಡೆ ಕ್ರಿಯೆಯೂ ಆಯ್ತು, ತಾಜಾ ಸುಣ್ಣವೂ ಸಿಕ್ತು.

---

ಬೋರ್ ನೀರು

ಬೇಡ ಸರ್. ಪುಸ್ತಕದಲ್ಲಿ ಇದೆ ನಿಜ, ಆದರೆ ಮಕ್ಕಳ ಮಧ್ಯೆ ಬೇಡ. ಸುಟ್ಟ ಸುಣ್ಣಕ್ಕೆ ನೀರು ಬಿದ್ದರೆ ಕೊತಕೊತ ಕುದ್ದು ಸಿಡಿಯುತ್ತದೆ, ಸಿಡಿದದ್ದು ಬಿಸಿಯೂ ಹೌದು, ಕ್ಷಾರವೂ ಹೌದು. ಕಣ್ಣಿಗೆ ಸುಣ್ಣ ಬಿದ್ದರೆ ಆಮ್ಲ ಬಿದ್ದಿದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ, ದೃಷ್ಟಿಯೇ ಹೋಗಬಹುದು. ಎಲೆ ಸುಣ್ಣದ ಪ್ಲಾಸ್ಟಿಕ್ ಪೊಟ್ಟಣವನ್ನು ಮಕ್ಕಳು ಹಿಚುಕಿದಾಗ ಆಗುವ ಅನಾಹುತವೂ ಅದೇ. ಹಾಗಾಗಿ ಗಟ್ಟಿ ಸುಣ್ಣ ಮೇಜಿನ ಮೇಲೆ ಬರಲೇಬಾರದು, ಮಕ್ಕಳಿಗೆ ಹೋಗುವುದು ತಿಳಿ ಮಾತ್ರ. ಅದಕ್ಕೂ ಹಾರ್ಡ್‌ವೇರ್ ಅಂಗಡಿಯ ಬಿಳಿ ಪ್ಲಾಸ್ಟಿಕ್ ಕನ್ನಡಕ ಹಾಕಿಸಿ.

ಕಣ್ಣಿಗೆ ಹಾರಿದರೆ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು ನೇರ ಆಸ್ಪತ್ರೆಗೆ. 'ಆಮ್ಲ ಹಾಕಿದರೆ ತಟಸ್ಥ ಆಗುತ್ತೆ' ಅಂತ ನಿಂಬೆರಸ ಹಿಂಡುವ ಬುದ್ಧಿವಂತಿಕೆ ಯಾರೂ ಮಾಡಬಾರದು.

---

ಲ್ಯಾಬ್ ಸಾಮಾನು

ಮೂರನೆಯದಕ್ಕೆ ಉತ್ತರ ಚಿಕ್ಕದು. ಶಾಲೆಯ ಸೀಮೆಸುಣ್ಣದಲ್ಲಿ ಹೆಚ್ಚಿನವು ಜಿಪ್ಸಂ, ಅಂದರೆ ಕ್ಯಾಲ್ಸಿಯಂ ಸಲ್ಫೇಟ್. ಹೆಸರಲ್ಲಿ ಸುಣ್ಣ ಇದೆ ಅಷ್ಟೇ. ಕಾರ್ಬನೇಟ್ ಇಲ್ಲದಿದ್ದರೆ ಗುಳ್ಳೆ ಎಲ್ಲಿಂದ ಬರಬೇಕು?

ಬದಲಿಗೆ ಮೊಟ್ಟೆ ಸಿಪ್ಪೆ. ಬಿಸಿಯೂಟದಲ್ಲಿ ಮೊಟ್ಟೆ ಕೊಡುವ ದಿನ ಸಿಪ್ಪೆ ಬೇಕಾದಷ್ಟು ಸಿಗುತ್ತದೆ. ತೊಳೆದು, ಒಳಪೊರೆ ತೆಗೆದು, ಒಣಗಿಸಿ ಕುಟ್ಟಿಕೊಳ್ಳಿ. ಒಂದು ಚಮಚ ಪುಡಿಗೆ 20 ಮಿ.ಲೀ. ವಿನೆಗರ್ ಹಾಕಿದರೆ ತಕ್ಷಣ ನೊರೆ. ಹಂಡೆಯ ಚಕ್ಕೆಯೂ ಹಾಗೇ. ಆಮೇಲೆ ಮಕ್ಕಳಿಗೆ ಮನೆಯಿಂದ ರಂಗೋಲಿ ಪುಡಿ ತರಲು ಹೇಳಿ. ಒಬ್ಬೊಬ್ಬರದು ಒಂದೊಂದು ಕಲ್ಲಿನ ಪುಡಿ, ಕೆಲವು ಗುಳ್ಳೆ ಬಿಡುತ್ತವೆ, ಕೆಲವು ಜಪ್ಪಯ್ಯ ಅಂದರೂ ಬಿಡಲ್ಲ. ಕೋಟೆ ಕಡೆಯ ಗ್ರಾನೈಟ್ ಚೂರನ್ನೂ ಸಾಲಿನಲ್ಲಿಡಿ, ಅದು ಸುಮ್ಮನಿರುತ್ತದೆ. ಯಾವುದರಲ್ಲಿ ಕಾರ್ಬನೇಟ್ ಇದೆ ಅಂತ ಮಕ್ಕಳೇ ಪಟ್ಟಿ ಮಾಡಲಿ.

ಬಲೂನ್ ಪ್ರಯೋಗವನ್ನೂ ಮಾಡೇ ಮಾಡುತ್ತೀರಿ, ಅದರ ಲೆಕ್ಕ ಇಲ್ಲಿದೆ. ಅಂಗಡಿ ವಿನೆಗರ್ ಸಾಮಾನ್ಯವಾಗಿ 4% ಅಸಿಟಿಕ್ ಆಮ್ಲ, ಲೇಬಲ್ ನೋಡಿ. 100 ಮಿ.ಲೀ.ಗೆ 5 ಗ್ರಾಂ ಸೋಡಾ, ಅಂದರೆ ಮಟ್ಟಸವಾಗಿ ಒಂದು ಚಮಚ. ತುಂಬಾ ಹೆಚ್ಚು ಸೋಡಾ ಹಾಕಿದರೆ ಕ್ರಿಯೆಗೆ ಸಿಗದೆ ಹಾಗೇ ಉಳಿಯುತ್ತದೆ, ಅನಿಲ ಹೆಚ್ಚಲ್ಲ. ಇಷ್ಟರಿಂದ ನಮ್ಮ ಊರಿನ ಎತ್ತರ, ಸೆಕೆಯಲ್ಲಿ ಸುಮಾರು ಒಂದೂವರೆ ಲೀಟರ್ ಅನಿಲ, ಬಲೂನ್ ಅಡ್ಡಳತೆ 14 ಸೆಂ.ಮೀ. ಹತ್ತಿರ. ಹುಟ್ಟುಹಬ್ಬದ ಬಲೂನಿನಷ್ಟು ದೊಡ್ಡದಾಗಲಿಲ್ಲ ಅಂತ ಬೇಜಾರಾಗಬೇಡಿ, ಲೆಕ್ಕವೇ ಅಷ್ಟು. ಬಲೂನನ್ನು ಮೊದಲೇ ಒಂದು ಸಲ ಊದಿ ಸಡಿಲ ಮಾಡಿ, ಸೋಡಾವನ್ನು ಬಲೂನಿಗೆ ತುಂಬಿ, ಬಾಟಲಿ ಬಾಯಿಗೆ ಸಿಕ್ಕಿಸಿ, ಆಮೇಲೆ ಎತ್ತಿ ಸುರಿಯಿರಿ.

ವಿನೆಗರ್ ವಾಸನೆ ಬೇಡ ಅಂದರೆ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ತೂಕದಲ್ಲಿ 3 ಪಾಲು ನಿಂಬೆ ಉಪ್ಪಿಗೆ 4 ಪಾಲು ಸೋಡಾ ಸರಿಹೊಂದುತ್ತದೆ. 3 ಗ್ರಾಂ ಮತ್ತು 4 ಗ್ರಾಂ ಸ್ಟೀಲ್ ಲೋಟದಲ್ಲಿ ಹಾಕಿ 50 ಮಿ.ಲೀ. ನೀರು ಬಿಟ್ಟು ಹೊರಗಿನಿಂದ ಕೈಯಿಟ್ಟು ನೋಡಿ, ಲೋಟ ತಣ್ಣಗಾಗುತ್ತದೆ. ಉಷ್ಣ ಹೀರುವ ಕ್ರಿಯೆಗೆ ಕೈಯೇ ಥರ್ಮಾಮೀಟರ್. ಎಚ್ಚರ, ನಿಂಬೆ ಉಪ್ಪು ಸಕ್ಕರೆ ಥರವೇ ಕಾಣುತ್ತದೆ.

ಮುಚ್ಚಳ ತಿರುಗಿಸಿ ಬಿಗಿಯುವ ಯಾವ ಬಾಟಲಿಯಲ್ಲೂ ಇದನ್ನು ಮಾಡಬೇಡಿ. ಗಾಜಿನದಂತೂ ಬೇಡವೇ ಬೇಡ. ಬಲೂನ್ ಹಿಗ್ಗುತ್ತದೆ, ಗಾಜು ಹಿಗ್ಗಲ್ಲ.

ಟಾಯ್ಲೆಟ್ ಕ್ಲೀನರ್ ಮತ್ತು ಬ್ಲೀಚಿಂಗ್ ಪೌಡರ್ 'ಮನೆಯಲ್ಲಿ ಸಿಗುವ ವಸ್ತು' ಪಟ್ಟಿಗೆ ಸೇರುವುದಿಲ್ಲ. ಎರಡೂ ಸೇರಿದರೆ ಕ್ಲೋರಿನ್ ಅನಿಲ. ಬಕೆಟ್ ತೊಳೆಯುವಾಗಲೂ ಒಂದಾಗಬಾರದು.

---

ಚನ್ನಗಿರಿ ಅಡಿಕೆ

ಲೋಹದ ಪಾಠಕ್ಕೆ ಒಂದು ಸೇರಿಸುತ್ತೇನೆ. ತೋಟದವರಿಗೆ ಗಿಡಕ್ಕೆ ಸಿಂಪಡಿಸುವ ಬೋರ್ಡೊ ದ್ರಾವಣ ಗೊತ್ತು: 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣ. ಸುಣ್ಣ ಸಾಕಾಯಿತಾ ಅಂತ ತಿಳಿಯಲು ಉಜ್ಜಿ ಹೊಳಪು ಮಾಡಿದ ಕುಡುಗೋಲನ್ನೋ ಚಾಕುವನ್ನೋ ಅದ್ದಿ ನೋಡುತ್ತಾರೆ. ಕಬ್ಬಿಣಕ್ಕೆ ಕೆಂಪು ಲೇಪ ಬಂದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ, ಸುಣ್ಣ ಹಾಕಬೇಕು. ಪಠ್ಯದಲ್ಲಿರುವ ಸ್ಥಾನಪಲ್ಲಟ ಕ್ರಿಯೆ ಇದೇ: ಕಬ್ಬಿಣ ದ್ರಾವಣಕ್ಕೆ ಇಳಿದು ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ತೋಟದ ಮಕ್ಕಳಿಗೆ ಇದನ್ನು ಹೇಳಿದರೆ ಕಣ್ಣರಳಿಸುತ್ತಾರೆ.

ಆದರೆ ಮೈಲುತುತ್ತ ವಿಷ, ಮಕ್ಕಳ ಕೈಗೆ ಬೇಡ. ಅದಿಲ್ಲದೆ ಹೀಗೆ ಮಾಡಿ: ಹಳೇ ವೈರ್ ಸುಲಿದು ಕಪ್ಪಾದ ತಾಮ್ರದ ಎಳೆ ಒಂದು ಹಿಡಿ, ವಿನೆಗರ್ 100 ಮಿ.ಲೀ., ಪುಡಿ ಉಪ್ಪು ಒಂದು ಚಮಚ. ಅರ್ಧ ಗಂಟೆ ನೆನೆಯಲಿ. ತಾಮ್ರ ಹೊಳೆಯುತ್ತದೆ, ಹುಣಸೆಹಣ್ಣು ಉಪ್ಪಿನಲ್ಲಿ ತಂಬಿಗೆ ತಿಕ್ಕಿದಂತೆ. ಮೇಲಿನ ಆಕ್ಸೈಡ್ ಕರಗಿ ದ್ರಾವಣಕ್ಕೆ ಇಳಿದಿದೆ. ಎಳೆಗಳನ್ನು ತೆಗೆದು, ಮರಳು ಕಾಗದದಿಂದ ಉಜ್ಜಿದ ಕಬ್ಬಿಣದ ಮೊಳೆಯನ್ನು ಅದಕ್ಕೆ ಹಾಕಿ. ಒಂದು ಗಂಟೆಯೊಳಗೆ ತಾಮ್ರದ ಬಣ್ಣ ಕೂರಬೇಕು. ಕೂರದಿದ್ದರೆ ಎರಡೇ ಕಾರಣ: ತಾಮ್ರ ಮೊದಲೇ ಹೊಳಪಾಗಿತ್ತು, ಕರಗಲು ಆಕ್ಸೈಡ್ ಇರಲಿಲ್ಲ, ಅಥವಾ ಮೊಳೆಗೆ ಎಣ್ಣೆ ಇತ್ತು. ಜಿಂಕ್ ಲೇಪದ ಬಿಳಿ ಮೊಳೆ ಬೇಡ, ಕಪ್ಪು ಕೆಸರಿನಂತೆ ಕೂತು ಗೊಂದಲ ಮಾಡುತ್ತದೆ. ಉಳಿದ ದ್ರಾವಣ ಕುಡಿಯುವಂಥದ್ದಲ್ಲ, ದನ ನೀರು ಕುಡಿಯುವ ತೊಟ್ಟಿ ಕಡೆಗೂ ಚೆಲ್ಲಬೇಡಿ.

---

ಮಂಡಕ್ಕಿ ಮೆಣಸಿನಕಾಯಿ

ದಾವಣಗೆರೆ ಅಂದಮೇಲೆ ಮಂಡಕ್ಕಿ ಇಲ್ಲದೆ ಪ್ರಯೋಗ ಮುಗಿಯಬಾರದು. ಮೆಡಿಕಲ್ ಶಾಪ್‌ನ 5% ಪೊವಿಡೋನ್ ಅಯೋಡಿನ್ (ಬೆಟಾಡಿನ್ ಥರದ್ದು) ಒಂದು ಮಿ.ಲೀ.ಯನ್ನು 50 ಮಿ.ಲೀ. ನೀರಿಗೆ ಬಿಡಿ, ಚಹಾ ಡಿಕಾಕ್ಷನ್ ಬಣ್ಣ ಬರುತ್ತದೆ. ಒಂದು ಮಂಡಕ್ಕಿ ಕಾಳು ಹಾಕಿದರೆ ನೀಲಿಗಪ್ಪು. ಅನ್ನದ ಗಂಜಿ, ಆಲೂಗಡ್ಡೆಗೂ ಹಾಗೇ. ಸಕ್ಕರೆ, ಉಪ್ಪು ಹಾಗಾಗಲ್ಲ. ಹಾಲಿಗೆ ಗಂಜಿ ಬೆರೆಸಿದ್ದಾರಾ ಅಂತ ನೋಡುವುದೂ ಇದರಿಂದಲೇ. ಬಿಸಿ ಗಂಜಿಗೆ ಹಾಕಬೇಡಿ, ಬಿಸಿಯಲ್ಲಿ ನೀಲಿ ನಿಲ್ಲದು, ಆರಿದ ಮೇಲೆ ಬರುತ್ತದೆ. 'ಪ್ರಯೋಗ ಕೆಟ್ಟಿತು' ಅಂತ ಚೆಲ್ಲಿಬಿಡುವವರು ಹೆಚ್ಚಾಗಿ ಇಲ್ಲೇ ಮೋಸ ಹೋಗುವುದು.

ಮುಂದಿನ ಹೆಜ್ಜೆ ವಿಟಮಿನ್ ಸಿ. 500 ಮಿ.ಗ್ರಾಂ ಮಾತ್ರೆಯನ್ನು ಪುಡಿಮಾಡಿ 250 ಮಿ.ಲೀ. ನೀರಿನಲ್ಲಿ ಕರಗಿಸಿದರೆ ಮಿ.ಲೀ.ಗೆ 2 ಮಿ.ಗ್ರಾಂ. ಆರಿದ ಗಂಜಿ ತಿಳಿ ಒಂದು ಚಮಚ ಬೆರೆಸಿದ ಮೇಲಿನ ನೀಲಿ ದ್ರಾವಣಕ್ಕೆ ಇದನ್ನು ಹನಿಹನಿಯಾಗಿ ಬಿಡಿ. ಒಂದು ಮಿ.ಲೀ. ಬೆಟಾಡಿನ್‌ಗೆ ಲೆಕ್ಕದಲ್ಲಿ ಸುಮಾರು ಮೂರೂವರೆ ಮಿ.ಗ್ರಾಂ ವಿಟಮಿನ್ ಬೇಕು, ಅಂದರೆ ಎರಡು ಮಿ.ಲೀ.ಯೊಳಗೆ ನೀಲಿ ಮಾಯ. ಈಗ ಇದೇ ಪ್ರಮಾಣದ ಹೊಸ ನೀಲಿ ದ್ರಾವಣ ಮಾಡಿಕೊಂಡು ನಿಂಬೆರಸದ ಹನಿ ಎಣಿಸಿ. ತಾಜಾ ರಸ, ಕುದಿಸಿದ ರಸ, ನಿನ್ನೆ ಹಿಂಡಿಟ್ಟ ರಸ ಹೋಲಿಸಲಿ. ಎಲ್ಲರೂ ಒಂದೇ ಡ್ರಾಪರ್ ಬಳಸಬೇಕು, ಡ್ರಾಪರ್ ಬದಲಾದರೆ ಹನಿಯ ಗಾತ್ರವೂ ಬದಲು. ಬಾಟಲಿ ಮೇಲೆ 10% ಅಂತಿದ್ದರೆ ಅರ್ಧ ಮಿ.ಲೀ. ತಗೊಳ್ಳಿ. ಅಯೋಡಿನ್ ತಾಗಿದ ಮಂಡಕ್ಕಿ ಯಾರ ಬಾಯಿಗೂ ಹೋಗದಂತೆ ಮೊದಲೇ ಎಣಿಸಿ ಕೊಡಿ. ಒಂದು ಕಾಳು ಪ್ರಯೋಗಕ್ಕೆ, ನಾಲ್ಕು ಹೊಟ್ಟೆಗೆ ಅನ್ನುವ ಲೆಕ್ಕ ನಡೆಯೋದೇ ಹಾಗೆ.

---

ಭರಮಸಾಗರ ಟೀಚರ್

ಎಲ್ಲರಿಗೂ ಧನ್ಯವಾದ. ಇನ್ನೊಂದು ಅನುಮಾನ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಲ್ಲಿ ನೆನೆಸಿದರೆ ನೇರಳೆಗೆಂಪು ಬರಬೇಕಲ್ಲವಾ, ನಮಗೆ ಏನೂ ಹಾಕುವ ಮೊದಲೇ ಮಾಸಲು ನೀಲಿ-ಹಸಿರು. ಇದೂ ನಲ್ಲಿ ನೀರಿನ ಕೆಲಸವೇ?

---

ಬೋರ್ ನೀರು

ಅದೇ ಮೇಡಂ. ಬೈಕಾರ್ಬನೇಟ್ ಇರುವ ನೀರು ಸ್ವಲ್ಪ ಕ್ಷಾರೀಯ, ಬಿಸಿ ಮಾಡಿದರೆ ಕಾರ್ಬನ್ ಡೈಆಕ್ಸೈಡ್ ಹೊರಟು ಇನ್ನಷ್ಟು. ದಾಸವಾಳಕ್ಕೆ ಅಷ್ಟು ಸಾಕು. ಐದಾರು ಎಸಳು, ಘಟಕದ ನೀರು 100 ಮಿ.ಲೀ., ಬಿಸಿ ಮಾಡಿ ಇಳಿಸಿದ ಮೇಲೆ ಎಸಳು ಹಾಕಿ ಹತ್ತು ನಿಮಿಷ. ನಿಂಬೆಯಲ್ಲಿ ಕಡು ಗುಲಾಬಿ, ಅಡುಗೆ ಸೋಡಾದಲ್ಲಿ ಹಸಿರು. ಅರಿಶಿನ ಎಡವಿದ ಸೋಡಾವನ್ನು ದಾಸವಾಳ ಹಿಡಿಯುತ್ತದೆ. ಶಂಖಪುಷ್ಪ ಸಿಕ್ಕರೆ ಇನ್ನೂ ಸ್ಪಷ್ಟ. ರಸ ಒಂದೆರಡು ದಿನದಲ್ಲಿ ಹುಳಿಯುತ್ತದೆ, ಕಾಗದಕ್ಕೆ ಅದ್ದಿ ಒಣಗಿಸಿಡಿ.

ಆ ಬೋರ್ ನೀರನ್ನು ಚೆಲ್ಲಬೇಡಿ, ಅದೇ ಮುಂದಿನ ಪಾಠ. ಒಂದು ಗ್ರಾಂ ಮೈಸೋಪನ್ನು ತುರಿದು 100 ಮಿ.ಲೀ. ಘಟಕದ ನೀರಿನಲ್ಲಿ ಕರಗಿಸಿ. ಹೊದಿಕೆ ಮೇಲೆ ಟಿಎಫ್‌ಎಂ (ಸೋಪಿನ ಕೊಬ್ಬಿನಂಶ) 76% ಅಥವಾ ಹೆಚ್ಚು ಇರುವ ಸೋಪೇ ಬೇಕು, ಬಟ್ಟೆಯ ಡಿಟರ್ಜೆಂಟ್ ಗಡಸು ನೀರಲ್ಲೂ ನೊರೆ ಕೊಟ್ಟು ಕೆಡಿಸುತ್ತದೆ. ಒಂದೇ ಗಾತ್ರದ ಬಾಟಲಿಗಳಲ್ಲಿ 50 ಮಿ.ಲೀ. ಘಟಕದ ನೀರು, ಬೋರ್ ನೀರು, ಹತ್ತು ನಿಮಿಷ ಕುದಿಸಿ ಆರಿಸಿ ಸೋಸಿದ ಬೋರ್ ನೀರು. ಸೋಪಿನ ನೀರನ್ನು ಐದೈದು ಹನಿ ಹಾಕಿ ಕುಲುಕುತ್ತಾ, ಒಂದು ನಿಮಿಷ ನಿಲ್ಲುವ ನೊರೆಗೆ ಎಷ್ಟು ಹನಿ ಹಿಡಿಯಿತು ಎಣಿಸಿ. ಕುದಿಸಿದ ಮೇಲೆ ಕಡಿಮೆಯಾದ ಹನಿ ತಾತ್ಕಾಲಿಕ ಗಡಸುತನದ್ದು, ಘಟಕದ ನೀರಿಗಿಂತ ಇನ್ನೂ ಹೆಚ್ಚು ಉಳಿದದ್ದು ಶಾಶ್ವತದ್ದು. ಅದಕ್ಕೆ ಚಿಟಿಕೆ ಬಟ್ಟೆ ಸೋಡಾ ಹಾಕಿ ಮತ್ತೆ ಎಣಿಸಲಿ. ತವಾದಲ್ಲಿ ಹುರಿದದ್ದು ಡಬ್ಬಿಯಲ್ಲಿ ಇದೆಯಲ್ಲ, ಅದೇ ಸಾಕು.

---

ಪಿಯು ಕೆಮಿಸ್ಟ್ರಿ, ದಾವಣಗೆರೆ

ಒಂದು ಸೇರಿಕೆ. ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ, ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಸಮೇತ ತರಬೇತಿ ನಡೆಯುತ್ತದೆ. ನಿಮಗೆ ದೂರವೇನಲ್ಲ, ವಿಚಾರಿಸಿ. ಮತ್ತೆ ಆ 31.5 ಗ್ರಾಂ ಬಂತಾ ಇಲ್ಲವಾ ಅಂತ ಇಲ್ಲಿ ಬರೆಯಿರಿ. 31ಕ್ಕಿಂತ ಕೆಳಗೆ ಬಂದರೆ ಕ್ರಿಯೆ ಅಲ್ಲ, ಪುಡಿ ತವಾದಿಂದ ಹಾರಿದೆ.